ಇಪ್ಪತ್ತಮೂರನೇ ಪುಟದಿಂದಾಚೆ

ಚಂದಕವಾಡಿ ಹೋಬಳಿಯ ಆ ಊರಿಗೆ ಹೋಗಿ ರಾಜಣ್ಣನ ಮನೆ ಯಾವುದು ಎಂದು ಕೇಳಿದರೆ ಜನ ನಾಲ್ಕು ಬೀದಿ ತೋರಿಸುತ್ತಾರೆ. ಬಾವಿಸಿದ್ದ ಎಲ್ಲಿ ಎಂದು ಕೇಳಿದರೆ ಮಾತ್ರ ಎಲ್ಲರ ಬೆರಳೂ ಹೈಸ್ಕೂಲಿನ ಕಡೆಗೇ ಹೋಗುತ್ತದೆ. ಮೂವತ್ತಾರು ವರ್ಷದಿಂದ ಆ ಸರ್ಕಾರಿ ಹೈಸ್ಕೂಲಿಗೆ ಅವನು ಅಟೆಂಡರ್. ಬೀಗ ತೆಗೆಯುವುದು, ಬೆಲ್ ಹೊಡೆಯುವುದು, ಚಾಮರಾಜನಗರದ ಕಚೇರಿಗೆ ಟಪಾಲು ಒಯ್ಯುವುದು, ತಪಾಸಣೆಗೆ ಬಂದವರಿಗೆ ಎಳನೀರು ಕೊಚ್ಚುವುದು, ಹೀಗೆ ಪಾಠವೊಂದನ್ನು ಬಿಟ್ಟು ಶಾಲೆ ನಡೆಯಲು ಬೇಕಾದ ಅಷ್ಟೂ ಕೆಲಸ ಅವನದೇ. ಹನ್ನೊಂದು ಜನ ಹೆಡ್‌ಮಾಸ್ಟರು ಬಂದು ಹೋದರು. ರಾಜಣ್ಣ ಇದ್ದಲ್ಲೇ ಇದ್ದ.

ಅವನ ಮೊಮ್ಮಗಳು ಭಾನು ಈಗ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ತಾತನಿಗೆ ಬಾವಿಸಿದ್ದ ಎಂಬ ಹೆಸರು ಏಕೆ ಬಂತು ಎಂದು ಅವಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು. "ಇಸ್ಕೂಲ್ ಬಾವಿ ಹೂಳು ತಗ್ದಿದ್ದೆ ಕಣಮ್ಮಿ, ಅದ್ಕೆ," ಎಂದಿದ್ದ. ಆ ಶಾಲೆಗೆ ಬಾವಿ ಎಂಬುದೇ ಇಲ್ಲ, ಇರುವುದು ಬೋರ್‌ವೆಲ್. ಆದರೆ ತಾತ ಹೇಳಿದ ಮೇಲೆ ಮುಗಿಯಿತು, ಮಗು ನಂಬಿತು.

ನಿಜವಾದ ಕತೆ ನಲವತ್ತಮೂರು ವರ್ಷ ಹಳೆಯದು. ಆಗ ರಾಜಣ್ಣ ಅದೇ ಶಾಲೆಯ ಅದೇ ಒಂಬತ್ತನೇ ಕ್ಲಾಸಿನಲ್ಲಿದ್ದ. ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ಇಂಗ್ಲಿಷ್ ಕಾದಂಬರಿಯ ನಲವತ್ತು ಪ್ರತಿ ದಾನ ಕೊಟ್ಟಿದ್ದರು. ನೀಲಗಿರಿಯ ಟೀ ತೋಟದಲ್ಲಿದ್ದ ಒಬ್ಬ ದೊರೆಸಾನಿ ಎಷ್ಟೋ ವರ್ಷದ ಹಿಂದೆ ಬರೆದದ್ದು, ದೊಡ್ಡ ದೊಡ್ಡವರು ಮೆಚ್ಚಿದ್ದು. ಅದರ ಇಂಗ್ಲಿಷ್ ಹೆಸರು ನಾಲಗೆಗೆ ಹೊರಳದೆ ಶಾಲೆಯಲ್ಲಿ ಎಲ್ಲರಿಗೂ ಅದು 'ಬಾವಿ ಬುಕ್ಕು' ಆಗಿತ್ತು. ಸಿದ್ದ ಎಂಬ ಆಳು ಪಟೇಲನಿಗಾಗಿ ಬಾವಿ ತೋಡುತ್ತಾನೆ. ನೀರು ಬಂದ ದಿನದಿಂದ ಅವನು ಅದನ್ನು ಮುಟ್ಟುವ ಹಾಗಿಲ್ಲ. ಬೇಸಗೆ ಬೇಸಗೆಗೆ ಹೂಳೆತ್ತಲು ಮಾತ್ರ ಇಳಿಯಬೇಕು. ಇಪ್ಪತ್ತಮೂರನೇ ಪುಟದಲ್ಲಿ, ಬಾಯಾರಿದ ಸಿದ್ದ ಹಗ್ಗಕ್ಕೆ ಕೈ ಹಾಕಿದ್ದನ್ನು ಕಂಡು ಪಟೇಲ ಜಾತಿ ಹಿಡಿದು ಬೈಯುತ್ತಾನೆ. ದೊರೆಸಾನಿ ಆ ಮಾತನ್ನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಹಾಗೆಹಾಗೇ ಇಳಿಸಿಬಿಟ್ಟಿದ್ದಳು. ಅದು ಯಾವ ಮಾತು ಎಂದು ಈ ಸೀಮೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗಿನ ಇಂಗ್ಲಿಷ್ ಮೇಷ್ಟ್ರು ಪಾಠವನ್ನು ನಾಟಕದ ಹಾಗೆ ಓದಿಸುವವರು. ಕೆಟ್ಟ ಮನುಷ್ಯರಲ್ಲ, ಯೋಚನೆ ಮಾಡದ ಮನುಷ್ಯರು. ಮಕ್ಕಳ ಪಾಲಿಗೆ ಎರಡೂ ಒಂದೇ. ಪಟೇಲನ ಮಾತು ಓದಲು ಊರ ಯಜಮಾನರ ಮಗ ನೀಲಕಂಠಸ್ವಾಮಿಯನ್ನು ಎಬ್ಬಿಸಿದರು. ಸಿದ್ದನಿಗೆ ಯಾರು ಎಂದು ಕ್ಲಾಸನ್ನು ಒಂದು ಸುತ್ತು ನೋಡಿದರು. ಕೆಳಗಿನ ಬೀದಿಯಿಂದ ಬಂದವನು ಆ ಕ್ಲಾಸಿನಲ್ಲಿ ರಾಜಣ್ಣ ಒಬ್ಬನೇ.

"ಸಿದ್ದನಿಗೆ ಮಾತಿಲ್ಲ. ಬೋರ್ಡ್ ಹತ್ರ ಬಂದು ಸುಮ್ನೆ ನಿಂತ್ಕೋ," ಎಂದರು ಮೇಷ್ಟ್ರು.

ರಾಜಣ್ಣ ನಿಂತ. ನೀಲಕಂಠ ಬೆರಳು ಚಾಚಿ ಓದಿದ. ಆ ಮಾತು ಬಂದಾಗ ದನಿ ಏರಿಸಿದ, ಕ್ಲಾಸು ಗೊಳ್ಳೆಂದಿತು. ಹೊತ್ತು ಮುಳುಗುವುದರೊಳಗೆ ಬಾವಿಸಿದ್ದ ಎಂಬ ಹೆಸರು ಊರೆಲ್ಲ ಹರಡಿತ್ತು. ಮರುದಿನದಿಂದ ರಾಜಣ್ಣ ಶಾಲೆಯ ಕಡೆ ತಲೆ ಹಾಕಲಿಲ್ಲ. ಎರಡು ವಾರಕ್ಕೆ ಮೇಷ್ಟ್ರಿಗೂ ವರ್ಗವಾಯಿತು, ಬುಕ್ಕನ್ನು ಮುಂದಕ್ಕೆ ಓದಿಸುವವರು ಯಾರೂ ಬರಲಿಲ್ಲ.

ಶಾಲೆ ಬಿಟ್ಟವನು ಗುಂಡ್ಲುಪೇಟೆಯ ತರಕಾರಿ ಮಂಡಿ ಸೇರಿದ. ಏಳು ವರ್ಷ ಕೇರಳದ ಲಾರಿಗಳಿಗೆ ಕೋಸು, ಟೊಮೆಟೊ, ಬೂದುಗುಂಬಳ ತುಂಬಿದ. ಮಲಯಾಳಿ ಡ್ರೈವರುಗಳ ಜೊತೆ ಸೇರಿ ಅವರ ಭಾಷೆಯೂ ಒಂದಿಷ್ಟು ಬಂತು. ಇಪ್ಪತ್ತೆರಡನೇ ವಯಸ್ಸಿಗೆ ಊರಿಗೆ ವಾಪಸು ಬಂದಾಗ ಶಾಲೆಯಲ್ಲಿ ದಿನಗೂಲಿ ಅಟೆಂಡರ್ ಕೆಲಸ ಖಾಲಿ ಇತ್ತು. ಹೊಟ್ಟೆಪಾಡು, ಹೋದ.

ಮೊದಲನೇ ಬೇಸಗೆ ರಜೆಯಲ್ಲಿ ಬೀರು ಒರೆಸುವಾಗ ಬಾವಿ ಬುಕ್ಕಿನ ಕಟ್ಟು ಕೈಗೆ ಸಿಕ್ಕಿತು. ನಲವತ್ತನ್ನೂ ಹೊರಗೆ ಹಾಕಿ ಬೆಂಕಿ ಇಟ್ಟುಬಿಡಬೇಕು ಎನ್ನಿಸಿತು ಅವನಿಗೆ. ಸುಳ್ಳೇಕೆ ಹೇಳಬೇಕು, ಸೀಮೆಎಣ್ಣೆಯನ್ನೂ ತಂದಿದ್ದ. ಸುಡುವ ಮೊದಲು ಆ ಪುಟವನ್ನು ಇನ್ನೊಮ್ಮೆ ನೋಡೋಣ ಎಂದು ತೆರೆದ. ನೋಡಿದ. ಆಮೇಲೆ, ಅದರ ಮುಂದಿನ ಪುಟದಲ್ಲಿ ಏನಿದೆ ಎಂದು ತಿರುವಿದ.

ಅಷ್ಟೇ ಆದದ್ದು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಒಂದು ಇಂಗ್ಲಿಷ್ ಕನ್ನಡ ಡಿಕ್ಷನರಿ ತಂದ. ಒಂದೊಂದು ವಾಕ್ಯಕ್ಕೆ ಐದೈದು ಸಲ ಡಿಕ್ಷನರಿ ತಿರುವುತ್ತ, ಎರಡು ಬೇಸಗೆ ರಜೆ ಪೂರ್ತಿ, ಬಾಗಿಲು ಹಾಕಿಕೊಂಡು ಅದನ್ನು ಓದಿದ. ಇನ್ನೂರ ಆರು ಪುಟ. ಇನ್ನೂರೈದು ಪುಟದವರೆಗೆ ಸಿದ್ದ ತುಟಿ ಎರಡು ಮಾಡುವುದಿಲ್ಲ. ಕೊನೆಯ ಪುಟದಲ್ಲಿ ಬಾವಿ ಹೂಳು ತುಂಬಿ ನಾರುತ್ತಿದೆ, ಪಟೇಲ ಹೇಳಿ ಕಳಿಸಿದ್ದಾನೆ, ಊರೆಲ್ಲ ಸುತ್ತ ನಿಂತಿದೆ. ಸಿದ್ದ ಬಾವಿಕಟ್ಟೆಯ ಹತ್ತಿರ ಬಂದು ನಿಂತು ಒಂದೇ ಒಂದು ವಾಕ್ಯ ಹೇಳುತ್ತಾನೆ. ಐ ವಿಲ್ ನಾಟ್ ಗೋ ಡೌನ್. ನಾನು ಇಳಿಯುವುದಿಲ್ಲ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ರಾಜಣ್ಣ ಆ ದಿನ ಲೈಬ್ರರಿ ಕೋಣೆಯಲ್ಲಿ ಒಬ್ಬನೇ ಕುಳಿತು ಗಟ್ಟಿಯಾಗಿ ಅತ್ತ. ಅತ್ತು ಮುಗಿಸಿ, ಮುಖ ತೊಳೆದು, ನಲವತ್ತು ಪುಸ್ತಕಕ್ಕೂ ಹಳೆ ಕ್ಯಾಲೆಂಡರಿನ ಹೊದಿಕೆ ಹಾಕಿದ. ಗೆದ್ದಲು ಬರದಂತೆ ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಟ್ಟು, ನಡುವೆ ವರ್ಷವರ್ಷವೂ ಹೊಸ ಬೇವಿನ ಸೊಪ್ಪು. ಬಂದ ಹೆಡ್‌ಮಾಸ್ಟರೆಲ್ಲ ಹಳೆ ಪುಸ್ತಕ ರದ್ದಿಗೆ ಹಾಕು ಎಂದರು, ಅವನು ಬೇರೆ ಕಟ್ಟುಗಳನ್ನೆಲ್ಲ ಹಾಕಿದ, ಇದೊಂದನ್ನು ಬಿಟ್ಟು. ಆಮೇಲೆ ಖಾಸಗಿಯಾಗಿ ಕಟ್ಟಿ ಎಸ್‌ಎಸ್‌ಎಲ್‌ಸಿ ಪಾಸು ಮಾಡಿಕೊಂಡ, ಇಂಗ್ಲಿಷಿನಲ್ಲಿ ಐವತ್ತೆರಡು. ಕೆಲಸ ಖಾಯಂ ಆಯಿತು. ಆದರೆ ತಾನು ಆ ಬುಕ್ಕು ಓದಿದ್ದೇನೆ ಎಂದು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಮನೆಯವರ ಹತ್ತಿರ ಕೂಡ. ಕೇಳುವವರು ಯಾರಿದ್ದರು?

ಈ ವರ್ಷ ಜೂನ್‌ನಲ್ಲಿ ಹೊಸ ಇಂಗ್ಲಿಷ್ ಟೀಚರ್ ಬಂದರು, ಶಶಿರೇಖಾ. ದಿನಾ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಬಂದು, ಮತ್ತೆ ಆಟೊ ಹಿಡಿದು, ಬೆಲ್ಲಿಗೆ ಮೊದಲೇ ಶಾಲೆಯಲ್ಲಿರುವ ಹುಡುಗಿ. ಬಂದ ಎರಡನೇ ವಾರ ಲೈಬ್ರರಿ ನೋಡಿದರು. ನಲವತ್ತೂ ಪ್ರತಿ ಒಂದು ಹಾಳೆ ಹರಿಯದೆ ಇದ್ದದ್ದನ್ನು ಕಂಡು ದಂಗಾದರು.

"ರಾಜಣ್ಣ, ಇದು ಕಾಲೇಜಲ್ಲಿ ನಮಗೆ ಇತ್ತು. ಇಷ್ಟು ಚೆನ್ನಾಗಿ ಹೇಗೆ ಉಳೀತು? ಒಂಬತ್ತನೇ ಕ್ಲಾಸಿಗೆ ಶನಿವಾರ ಶನಿವಾರ ಓದಿಸ್ತೀನಿ."

ರಾಜಣ್ಣ ಕಟ್ಟಿನ ನಡುವಿನ ಬೇವಿನ ಎಲೆಯನ್ನು ಒಂದೊಂದಾಗಿ ಹೆಕ್ಕಿ ತೆಗೆದ. ಕಟ್ಟು ಹೊತ್ತುಕೊಂಡು ಹೋಗಿ ಕ್ಲಾಸಿನಲ್ಲಿ ಇಟ್ಟು ಬಂದ.

ಮೂರನೇ ಶನಿವಾರ ಇಪ್ಪತ್ತಮೂರನೇ ಪುಟ ಬಂತು. ಟೀಚರ್ ಹುಷಾರಿನವರು, ಆ ಪುಟವನ್ನು ತಾವೇ ಓದಿದರು, ಆ ಮಾತು ಯಾಕೆ ತಪ್ಪು ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆದರೆ ಮುಂದಿನ ಬೆಂಚಿನಲ್ಲಿದ್ದ ಸೋಮೇಶ, ನೀಲಕಂಠಸ್ವಾಮಿಯ ಮೊಮ್ಮಗ, ಏನೋ ಹೊಳೆದವನಂತೆ ಎದ್ದು ನಿಂತ.

"ಮಿಸ್, ಬಾವಿಸಿದ್ದ! ನಮ್ಮ ಅಟೆಂಡ್ರು ಮಿಸ್!"

ಹುಡುಗನಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಒಗಟು ಬಿಡಿಸಿದ ಖುಷಿ ಅಷ್ಟೇ. ಕ್ಲಾಸು ನಕ್ಕಿತು. ನಕ್ಕು, ಎಲ್ಲರೂ ಒಟ್ಟಿಗೆ ಭಾನುವಿನ ಕಡೆ ತಿರುಗಿದರು.

ಅವತ್ತು ಭಾನು ಮನೆಗೆ ಬಂದು ಬ್ಯಾಗು ಎಸೆದು ಜಗಲಿಯ ಮೇಲೆ ಕುಳಿತಳು. ರಾಜಣ್ಣ ಬಂದ ಮೇಲೆ ತಲೆ ಎತ್ತದೆ ಕೇಳಿದಳು. "ತಾತ, ಇಸ್ಕೂಲ್ ಬಾವಿ ಎಲ್ಲದ?"

ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ.

"ನಂಗ ಸುಳ್ಳು ಏಳ್ಬುಟ್ಟೆ. ಎಲ್ರಿಗೂ ಗೊತ್ತದ, ನಂಗೊಬ್ಳಿಗೆ ಗೊತ್ತಿಲ್ಲ. ನಾ ಇನ್ನ ಆ ಇಸ್ಕೂಲ್ಗ ಓಗಲ್ಲ."

"ಅಂಗಂದ್ರ ಎಂಗಮ್ಮಿ, ಓದು..."

"ನೀನೂ ಬುಡ್ನಿಲ್ವಾ?"

ಸೋಮವಾರ ಭಾನು ಹೋಗಲಿಲ್ಲ. ಮಂಗಳವಾರ ಹೋಗಲಿಲ್ಲ. ರಾಜಣ್ಣ ಬೆಳಗ್ಗೆ ಬೆಲ್ ಹೊಡೆಯುವಾಗ ಒಂಬತ್ತನೇ ಕ್ಲಾಸಿನ ಸಾಲಿನಲ್ಲಿ ಅವಳ ಜಾಗ ನೋಡುತ್ತಿದ್ದ. ಮಂಡಿಯ ಮೂಟೆ ಹೊತ್ತ ಹೆಗಲು ಅದು, ಏನು ಬೇಕಾದರೂ ಹೊತ್ತೀತು, ಆದರೆ ಮೊಮ್ಮಗಳು ತಾನು ನಿಂತ ಆ ಪುಟದಲ್ಲೇ ನಿಂತುಬಿಟ್ಟರೆ ಅದನ್ನು ಹೊರಲಾರೆ ಎನ್ನಿಸಿತು. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕೊನೆಯ ಪುಟ ಗೊತ್ತಿದ್ದವನು ಮೊಮ್ಮಗಳಿಗೆ ಇಲ್ಲದ ಬಾವಿಯ ಕತೆ ಕಟ್ಟಿದ್ದನಲ್ಲ!

ಅಷ್ಟರಲ್ಲಿ ಯಾರೋ ಆ ಪುಟದ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಬುಧವಾರ ಬೆಳಗ್ಗೆ ಶಾಂತರಾಜು ಶಾಲೆಗೆ ಬಂದ. ಕೆಳಗಿನ ಬೀದಿಯ ಸಂಘದ ಮುಖಂಡ, ನಲವತ್ತರ ಪ್ರಾಯ, ನ್ಯಾಯವಾಗಿ ಸಿಟ್ಟು ಬರುವ ಮನುಷ್ಯ. "ಇಂಗ್ಲಿಷ್ ಕಲಿಯಾಕ ಬ್ಯಾರೆ ಬುಕ್ಕೇ ಇಲ್ವಾ ಸಾರ್? ದೊಡ್ಡ ಬುಕ್ಕು ಅಂತ ನಮ್ಮ ಮಕ್ಕಳ ಮುಂದ ನಮ್ಮನ್ನೇ ಬೈಸ್ತೀರಾ?" ಎಂದು ಮೇಜಿನ ಮೇಲೆ ಅರ್ಜಿ ಇಟ್ಟ. ಮಧ್ಯಾಹ್ನ ಶಾಲಾ ಸಮಿತಿಯ ಕಾರ್ಯಾಧ್ಯಕ್ಷರ ಫೋನ್ ಬಂತು. ಕಾರ್ಯಾಧ್ಯಕ್ಷರು ಬೇರೆ ಯಾರೂ ಅಲ್ಲ, ನೀಲಕಂಠಸ್ವಾಮಿಯೇ. ಈಗ ಅರಿಶಿನ, ಬಾಳೆ ಬೆಳೆಯುವ ದೊಡ್ಡ ರೈತ. ಊರು ತಣ್ಣಗಿದೆ, ಅದನ್ನು ಕೆಡಿಸಬೇಡಿ, ಬುಕ್ಕು ಎತ್ತಿಸಿ ಎಂದ. ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಒಂದೇ ಮಾತು ಹೇಳಿದ್ದು ಆ ಊರಿನ ಚರಿತ್ರೆಯಲ್ಲೇ ಮೊದಲ ಸಲ.

ಹೆಡ್‌ಮಾಸ್ಟರ್ ರಾಜಶೇಖರ್ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಟೀಚರಿಗೂ ಬೇಸರವಾಗದಂತೆ, ಊರಿಗೂ ನೋವಾಗದಂತೆ ಒಂದು ಉಪಾಯ ಹುಡುಕಿದರು. ಚಾಮರಾಜನಗರದಿಂದ ಒಂದು ಡಜನ್ ವೈಟ್ನರ್ ತರಿಸಿ ರಾಜಣ್ಣನ ಕೈಗೆ ಕೊಟ್ಟರು.

"ಆ ಮಾತು ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲ ಬಳಿದುಬಿಡು. ನಾಳೆ ಮೀಟಿಂಗಲ್ಲಿ ತೋರಿಸಿದರೆ ಮುಗೀತು. ಎಲ್ಲೆಲ್ಲಿ ಅಂತ ಟೀಚರ್ ಪಟ್ಟಿ ಕೊಡ್ತಾರೆ."

ರಾಜಣ್ಣನಿಗೆ ಪಟ್ಟಿ ಬೇಕಿರಲಿಲ್ಲ. ಹತ್ತೊಂಬತ್ತು ಕಡೆ, ಅವನಿಗೆ ಬಾಯಿಪಾಠ. ಮೂರು ಪುಸ್ತಕಕ್ಕೆ ಬಳಿದು ಕಿಟಕಿಯಲ್ಲಿ ಒಣಗಲು ಇಟ್ಟು ಆಟದ ಪೀರಿಯಡ್ಡಿನ ಬೆಲ್ ಹೊಡೆದು ಬಂದ. ಬರುವುದರೊಳಗೆ ಎಂಟನೇ ಕ್ಲಾಸಿನ ಹುಡುಗರು ಕಿಟಕಿಗೆ ಮುತ್ತಿದ್ದರು. ಒಬ್ಬ ಪುಟವನ್ನು ಬಿಸಿಲಿಗೆ ಹಿಡಿದು ಹಿಂದಿನಿಂದ ಓದುತ್ತಿದ್ದ, ಇನ್ನೊಬ್ಬ ಉಗುರಿನಲ್ಲಿ ಕೆರೆಯುತ್ತಿದ್ದ. ಇಡೀ ವರ್ಷ ಒಂದು ಇಂಗ್ಲಿಷ್ ವಾಕ್ಯ ಓದದ ಮಕ್ಕಳು ಆ ಒಂದು ಮಾತನ್ನು ಮಾತ್ರ ಹತ್ತು ನಿಮಿಷದಲ್ಲಿ ಕಲಿತಿದ್ದರು. ಬಳಿಯದಿದ್ದರೆ ಅವರ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ.

ರಾಜಣ್ಣ ಅವರನ್ನು ಓಡಿಸಿ, ಉಳಿದ ಬಾಟಲಿಗಳನ್ನು ಡಬ್ಬಕ್ಕೆ ತುಂಬಿ ಹೆಡ್‌ಮಾಸ್ಟರ ಮೇಜಿನ ಕೆಳಗೆ ಇಟ್ಟ. ಮಾಡುವುದಿಲ್ಲ ಎಂದು ಹೇಳಲಿಲ್ಲ. ಮಾಡಲಿಲ್ಲ, ಅಷ್ಟೇ.

ಗುರುವಾರ ಮೀಟಿಂಗು. ಹೆಡ್‌ಮಾಸ್ಟರ ಕೋಣೆಯಲ್ಲಿ ನೀಲಕಂಠಸ್ವಾಮಿ, ಶಾಂತರಾಜು, ಸಮಿತಿಯ ಉಳಿದವರು. ಒಂದು ಮೂಲೆಯಲ್ಲಿ ಶಶಿರೇಖಾ ಟೀಚರ್, ಕೈಯಲ್ಲಿ ಬುಕ್ಕು. ಅವರು ಹೇಳಿದ್ದನ್ನು ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಹೊಸಬರು, ಚಿಕ್ಕವರು, ಅದರ ಮೇಲೆ ಸತ್ಯ ಹೇಳುವವರು. ಮೂರೂ ಕೂಡಿದರೆ ಮೀಟಿಂಗಿನಲ್ಲಿ ಯಾರು ಕೇಳುತ್ತಾರೆ? ತೋರಿಸಲು ಬಳಿದ ಬುಕ್ಕು ಇರಲಿಲ್ಲ, ಬುಕ್ಕು ವಾಪಸು ಎಂದೇ ಠರಾವು ಬರೆಯಲು ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ತೆಗೆದರು. ರಾಜಣ್ಣ ಟೀ ಕೊಡುತ್ತಿದ್ದವನು ತಟ್ಟೆಯನ್ನು ಬೀರುವಿನ ಮೇಲೆ ಇಟ್ಟ.

"ಸಾರ್, ನಂದೊಂದು ಮಾತದ."

"ಯಾಕ್ ರಾಜಣ್ಣ, ಟೀ ಕಮ್ಮಿ ಬಿತ್ತಾ?"

"ಟೀ ಅಲ್ಲ ಸಾರ್. ಬುಕ್ಕು."

ಎಲ್ಲರೂ ನೋಡಿದರು. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಶಾಂತರಾಜು, ನೀ ಏಳದು ದಿಟ. ಆ ಮಾತು ಸುಡ್ತದ. ನಂಗಿಂತ ಜಾಸ್ತಿ ಯಾರಿಗ ಗೊತ್ತು? ಈ ಬುಕ್ಕಲ್ಲೇ ನನ್ನ ನಿಲ್ಸಿ ನಗಾಡಿದ್ರು. ಇಸ್ಕೂಲು ಬುಟ್ಟೆ, ಎಸ್ರು ಮಾತ್ರ ಅಂಟ್ಕತು. ಆದ್ರ ಸಾರ್, ಬುಕ್ಕು ಓದ್ಸಿದ್ದು ತಪ್ಪಲ್ಲ. ಅರ್ಧಕ್ಕ ಬುಟ್ಟದ್ದು ತಪ್ಪು. ಬೈಗುಳದ ತಂಕ ಓದ್ಸುದ್ರು, ಜವಾಬು ಬರಾ ಮೊದ್ಲೇ ಮುಚ್ಚುಬುಟ್ರು. ಈ ಊರು ನಲವತ್ಮೂರು ವರ್ಷದಿಂದ ಇಪ್ಪತ್ತಮೂರ್ನೇ ಪುಟದಲ್ಲೇ ಕುಂತದ."

"ಯಾವ ಜವಾಬು?" ಎಂದ ಶಾಂತರಾಜು.

ರಾಜಣ್ಣ ಕೊನೆಯ ಪುಟವನ್ನು, ಮೇಲಿನಿಂದ ಕೆಳಗಿನವರೆಗೆ, ಬುಕ್ಕು ನೋಡದೆ ಇಂಗ್ಲಿಷಿನಲ್ಲಿ ಹೇಳಿದ. ಉಚ್ಚಾರ ನಮ್ಮ ಕಡೆಯದೇ. ಆದರೆ ಒಂದು ಅಕ್ಷರ ಬಿಡಲಿಲ್ಲ. ಶಶಿರೇಖಾ ಟೀಚರ್ ಬುಕ್ಕು ತೆರೆದು ಬೆರಳಿಟ್ಟು ಸಾಲು ಸಾಲು ನೋಡುತ್ತಿದ್ದರು, ಅವರ ಕಣ್ಣು ತುಂಬಿತ್ತು. ಹೆಡ್‌ಮಾಸ್ಟರ ಪೆನ್ನು ಹಾಗೇ ನಿಂತಿತ್ತು. ಮೂವತ್ತಾರು ವರ್ಷದಿಂದ ಟೀ ತಂದುಕೊಡುವ ಮನುಷ್ಯನಿಗೆ ಇಷ್ಟು ಗೊತ್ತಿದೆ ಎಂದು ಆ ಕೋಣೆಗೆ ಗೊತ್ತೇ ಇರಲಿಲ್ಲ. ರಾಜಣ್ಣನಿಗೂ ಅಷ್ಟು ಹೊತ್ತು ತಲೆ ಎತ್ತಿ ನಿಂತ ನೆನಪಿರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರೂ ಕೇಳದಿದ್ದರೂ ಮೊದಲು ಬಾಯಿ ಬಿಟ್ಟವನು ನೀಲಕಂಠಸ್ವಾಮಿ. ಶಲ್ಯದ ತುದಿಯಿಂದ ಹಣೆ ಒರೆಸಿಕೊಂಡ.

"ಆ ಎಸ್ರು ಮಡಗ್ದಂವ ನಾನೇ ಕಣ ರಾಜಣ್ಣ. ಶನಿವಾರ ನಮ್ಮ ಸೋಮೇಶ ನಗ್ನಗ್ತಾ ಬಂದು ಏಳ್ದ, ತಾತ, ಬಾವಿಸಿದ್ದ ಅಂದ್ರ ಯಾನ ಅಂತ ಗೊತ್ತಾಯ್ತು ಅಂತ. ಅವತ್ತಿಂದ ನಂಗ ಗಂಟ್ಲಲ್ಲಿ ಅನ್ನ ಇಳೀನಿಲ್ಲ. ಅದ್ಕೆ ಬುಕ್ಕು ತಗ್ಸಿ ಅಂದದ್ದು. ಊರು ತಣ್ಣಗದ, ಅದು ಇದು ಎಲ್ಲ ನೆಪ."

ರಾಜಣ್ಣ ಅವನನ್ನು ನೋಡಿದ. ಕ್ಷಮೆ ಕೊಡುವ ಆತುರವೇನೂ ಅವನಿಗಿರಲಿಲ್ಲ.

"ನಂಗ ನಿಮ್ಮ ಮಾಪಿ ಬ್ಯಾಡ ಸ್ವಾಮೇರ. ನಿಮ್ಮ ಮೊಮ್ಮಗನ್ನ ಶನಿವಾರ ತಪ್ಸದೆ ಕಳ್ಸಿ, ಸಾಕು. ಬುಕ್ಕ ಪೂರ್ತಿ ಓದ್ಸಿ ಸಾರ್. ಬಳೀಬ್ಯಾಡಿ. ಯಾವ ಮಗೀನೂ ಸಿದ್ದನ ಮಾಡ್ಬ್ಯಾಡಿ, ನಾನೇ ನಿಂತ್ಕತೀನಿ. ಅವನಿಗ ಮಾತಿಲ್ವಲ್ಲ, ನಂಗೇನು ಕಷ್ಟ?"

ಶಾಂತರಾಜು ಬಹಳ ಹೊತ್ತು ಅರ್ಜಿಯನ್ನೇ ನೋಡಿದ. "ನಂಗಿನ್ನೂ ಒಪ್ಗೆ ಇಲ್ಲಣ್ಣ," ಎಂದ. "ನೀ ಇರೋ ಇಸ್ಕೂಲಲ್ಲಿ ಸರಿ. ಇಲ್ದಿರೋ ಕಡೆ ಆ ಮಕ್ಕಳ ಕತೆ ಯಾನ?" ಆದರೂ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ಹಾಕಿದರು.

ಆ ಸಂಜೆ ರಾಜಣ್ಣ ಮೊಮ್ಮಗಳ ಪಕ್ಕ ಕುಳಿತು ಎಲ್ಲವನ್ನೂ ಹೇಳಿದ. ಮೇಷ್ಟ್ರು, ನಗು, ಮಂಡಿ, ಸೀಮೆಎಣ್ಣೆ, ಡಿಕ್ಷನರಿ. ಸುಳ್ಳು ಹೇಳಿದ್ದಕ್ಕೆ ತಪ್ಪಾಯ್ತು ಎಂದ. "ಓದಾಕಲ್ಲ, ನನ್ನ ನೋಡಾಕ ಬಾ," ಎಂದಷ್ಟೇ ಕೇಳಿದ. ಭಾನು ಎದ್ದು ಒಳಗೆ ಹೋದಳು. ಆದರೆ ಶನಿವಾರ ಬೆಳಗ್ಗೆ ಕೊನೆಯ ಬೆಂಚಿನಲ್ಲಿ, ಗೋಡೆಯ ಪಕ್ಕ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಯಾವಾಗ ಬೇಕಾದರೂ ಎದ್ದು ಹೋಗುವವಳ ಹಾಗೆ.

ಟೀಚರ್ ಮತ್ತೆ ಇಪ್ಪತ್ತಮೂರನೇ ಪುಟದಿಂದಲೇ ಶುರು ಮಾಡಿದರು. ಪಟೇಲನ ಮಾತಿಗೆ ಚೀಟಿ ಹಾಕಿದರು, ಬಂದದ್ದು ಸೋಮೇಶನ ಹೆಸರು. ರಾಜಣ್ಣ ಬೋರ್ಡಿನ ಪಕ್ಕ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲಿನವರೆಗೂ ಹಾಕಿದ ಗುಂಡಿ, ಆರಡಿ ಎತ್ತರ. ಸೋಮೇಶ ಓದುತ್ತ ಓದುತ್ತ ಆ ಮಾತಿನ ಹತ್ತಿರ ಬಂದ. ಬಂದು ನಿಂತ. ದಿನಾ ಗೇಟು ತೆಗೆಯುವವನು, ಜ್ವರ ಬಂದಾಗ ಸೈಕಲ್ಲಿನಲ್ಲಿ ಮನೆಗೆ ಬಿಟ್ಟವನು, ಅಲ್ಲಿ ಮುಖ ಕೊಟ್ಟು ನಿಂತಿದ್ದಾನೆ. ಹುಡುಗ ಬುಕ್ಕಿನಿಂದ ತಲೆ ಎತ್ತಿ ಟೀಚರ ಕಡೆ ನೋಡಿದ.

"ಓದಪ್ಪ," ಎಂದ ರಾಜಣ್ಣ. "ಬರ್ದದಲ್ಲ, ಓದು. ನನ್ನ ನೋಡ್ಕಂಡು ಓದು."

ಓದಿದ. ಅರ್ಧ ಉಸಿರಿನಲ್ಲಿ, ಅಳು ನುಂಗಿಕೊಂಡು. ಈ ಸಲ ಒಬ್ಬರೂ ನಗಲಿಲ್ಲ. ಅಂದು ಅದೇ ಮಾತು ಕೇಳಿ ತಲೆ ತಗ್ಗಿಸಿದ್ದ ರಾಜಣ್ಣ ಇಂದು ಕಣ್ಣು ಕೆಳಗೆ ಮಾಡಲಿಲ್ಲ. ಅದು ಎಷ್ಟು ಚಿಕ್ಕ ಮಾತು ಎಂದು ಅವನಿಗೇ ಆಶ್ಚರ್ಯವಾಯಿತು.

ಹೀಗೆ ಎಂಟು ಶನಿವಾರ. ಪಟೇಲನ ಮಾತು ಪ್ರತಿ ವಾರ ಬೇರೆ ಬೇರೆ ಮಕ್ಕಳಿಗೆ ಬಂತು, ಪವಿತ್ರ ಎಂಬ ಹುಡುಗಿಯಂತೂ ಓದಿ ಮುಗಿಸಿ ಹೋಗಿ ರಾಜಣ್ಣನ ಕಾಲು ಮುಟ್ಟಿದಳು, ಅವನು ಗದರಿಸಿ ಕಳಿಸಿದ. ಮಕ್ಕಳಿಗೆ ಇಂಗ್ಲಿಷ್ ಎಷ್ಟು ಬಂತೋ ಬಿಟ್ಟಿತೋ, ಸಿದ್ದ ಯಾವಾಗ ಮಾತಾಡುತ್ತಾನೆ ಎಂಬ ಕಾತರ ಮಾತ್ರ ಇಡೀ ಶಾಲೆಗೆ ಹತ್ತಿತು. ಕೊನೆಯ ಪುಟ ಮೊದಲೇ ನೋಡಬಾರದು ಎಂದು ಅವರವರಲ್ಲೇ ಕಟ್ಟುಪಾಡು ಮಾಡಿಕೊಂಡರು. ಐದನೇ ವಾರದ ಹೊತ್ತಿಗೆ ಭಾನುವಿನ ಬ್ಯಾಗು ತೊಡೆಯಿಂದ ನೆಲಕ್ಕೆ ಇಳಿದಿತ್ತು.

ದಸರಾ ರಜೆ ಕಳೆದು ಬಂದ ಶನಿವಾರ ಕೊನೆಯ ಪುಟ. ಕಿಟಕಿಗಳಲ್ಲೆಲ್ಲ ಎಂಟನೇ ಕ್ಲಾಸು, ಹತ್ತನೇ ಕ್ಲಾಸು. ಬಾಗಿಲಲ್ಲಿ ಶಾಂತರಾಜು, ಕೈ ಕಟ್ಟಿಕೊಂಡು. ಟೀಚರ್ ಓದುತ್ತ ಬಂದರು, ಬಾವಿ ನಾರುವುದು, ಪಟೇಲ ಹೇಳಿ ಕಳಿಸುವುದು, ಊರು ಸುತ್ತ ನಿಲ್ಲುವುದು. ಅಲ್ಲಿಗೆ ನಿಲ್ಲಿಸಿ ಬುಕ್ಕು ಮಡಚಿ ರಾಜಣ್ಣನ ಕಡೆ ನೋಡಿದರು.

"ಐ ವಿಲ್ ನಾಟ್ ಗೋ ಡೌನ್," ಎಂದ ರಾಜಣ್ಣ.

ಕೂಗಲಿಲ್ಲ. ದಿನಾ ಗೇಟಿನಲ್ಲಿ ಮಾತಾಡುವ ದನಿಯೇ. ಆದರೆ ಕೊನೆಯ ಬೆಂಚಿನವರೆಗೂ ಕೇಳಿಸಿತು.

ಸೋಮೇಶ ಕೈ ಎತ್ತಿದ. "ಮಿಸ್, ಆಮೇಲೆ ಸಿದ್ದ ಎಲ್ಲಿಗೋದ?"

"ಪುಸ್ತಕ ಇಲ್ಲಿಗೆ ಮುಗೀತು ಸೋಮೇಶ್. ಬರೆದವರು ಹೇಳಿಲ್ಲ," ಎಂದರು ಟೀಚರ್.

ಹಿಂದಿನಿಂದ ಬೆಂಚು ಸರಿದ ಸದ್ದಾಯಿತು. ಭಾನು ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನಂಗೊತ್ತು ಮಿಸ್. ಇಸ್ಕೂಲ್ಗ ಬಂದ. ನಾನು ಬಾವಿಸಿದ್ದನ ಮೊಮ್ಮಗಳು."

ರಾಜಣ್ಣನಿಗೆ ಹೆಮ್ಮೆಯಿಂದ ಎದೆ ಉಬ್ಬಿತು; ಹಾಗೆಂದು ಹೇಳಿಕೊಳ್ಳಲು ಅವನಿಗೆ ಈಗ ಯಾವ ನಾಚಿಕೆಯೂ ಇಲ್ಲ. ಮೊಮ್ಮಗಳನ್ನೇ ನೋಡುತ್ತ ಬೋರ್ಡಿನ ಪಕ್ಕ ನಿಂತ. ಲಾಂಗ್ ಬೆಲ್ ಹೊಡೆಯುವ ಹೊತ್ತು ಆರು ನಿಮಿಷ ಮೀರಿತ್ತು, ಮನೆಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ.